ಸೋಲಿಸಿದವರ ಬೆನ್ನು ಹತ್ತಿ: ಒಂದು ನಾಕೌಟ್ ಕಪ್ಪನ್ನು ಮೊದಲ ಸುತ್ತಿನಿಂದ ಫೈನಲ್‌ವರೆಗೂ ನೋಡುವ ದಾರಿ

ಮೈಸೂರಿನಲ್ಲಿ ಫುಟ್‌ಬಾಲ್ ನೋಡುವವರು ಈಗ ಕಡಿಮೆಯೇನಿಲ್ಲ. ಶನಿವಾರ ರಾತ್ರಿ ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಹುಡುಗರ ರೂಮುಗಳ ಮುಂದೆ ನಡೆದುಹೋದರೆ ಕೂಗು ಕೇಳಿಸುತ್ತದೆ. ಆದರೆ ಬಹಳ ಜನ ನೋಡುವುದು ಲೀಗ್, ಅಂದರೆ ಎಲ್ಲರೂ ಎಲ್ಲರ ಎದುರೂ ಆಡಿ ಪಾಯಿಂಟ್ ಕೂಡಿಸುವ ಆಟ. ಸೋತವರು ಅಲ್ಲೇ ಹೊರಬೀಳುವ ನಾಕೌಟ್ ಕಪ್‌ಗಾದರೆ ಫೈನಲ್ ದಿನ ಟಿವಿ ಹಾಕುತ್ತಾರೆ, ಅಷ್ಟೇ. ಜಂಬೂ ಸವಾರಿ ದಿನ ಮಧ್ಯಾಹ್ನ ಬಂದು, ಸಂಜೆ ಬಸ್ ಹತ್ತಿ, ದಸರಾ ನೋಡಿದೆ ಅಂದ ಹಾಗೆ ಅದು.

ಕಪ್ ನೋಡದೇ ಇರುವುದಕ್ಕೆ ಕಾರಣ ಕೇಳಿದರೆ ಎರಡೇ ಉತ್ತರ ಬರುತ್ತದೆ. ಒಂದು, ನಮ್ಮ ತಂಡ ಜನವರಿಯಲ್ಲೇ ಸೋತುಹೋಯಿತು, ಇನ್ನೇನು ನೋಡುವುದು. ಇನ್ನೊಂದು, ಮೊದಲ ಸುತ್ತುಗಳಲ್ಲಿ ಆಡುವ ಸಣ್ಣ ತಂಡಗಳು ಯಾವುವೂ ಗೊತ್ತಿಲ್ಲ. ಎರಡಕ್ಕೂ ಒಂದೇ ಮದ್ದಿದೆ. ನಾನು ಮತ್ತು ನನ್ನ ಅಕ್ಕನ ಮಗ ಅದನ್ನು ಸರಪಳಿ ಅಂತ ಕರೆಯುತ್ತೇವೆ.

ನಿಯಮ ಇಷ್ಟೇ. ಮೊದಲ ಸುತ್ತಿನಲ್ಲಿ ಒಂದು ಸಣ್ಣ ತಂಡವನ್ನು ಹಿಡಿಯಿರಿ. ಅದು ಗೆಲ್ಲುತ್ತಾ ಹೋಗುವಷ್ಟು ದಿನ ಅದರ ಜೊತೆ ಇರಿ. ಅದು ಸೋತ ದಿನ, ಅದನ್ನು ಸೋಲಿಸಿದ ತಂಡದ ಕಡೆಗೆ ಹೋಗಿ. ಆ ತಂಡ ಸೋತರೆ, ಅದನ್ನು ಸೋಲಿಸಿದವರ ಕಡೆಗೆ. ಹೀಗೆ ಮಾಡಿದರೆ ಪ್ರತಿ ಸುತ್ತಿನಲ್ಲೂ ನಿಮಗೆ ಒಂದು ಪಂದ್ಯ ಇದ್ದೇ ಇರುತ್ತದೆ, ಫೈನಲ್‌ನಲ್ಲೂ ಇರುತ್ತದೆ. ಸರಪಳಿ ಎಂದೂ ಕಡಿಯುವುದಿಲ್ಲ, ಯಾಕೆಂದರೆ ನಾಕೌಟ್‌ನಲ್ಲಿ ಯಾರೇ ಸೋತರೂ ಸೋಲಿಸಿದವರೊಬ್ಬರು ಮುಂದೆ ಹೋಗಲೇಬೇಕು.

ಇದನ್ನು ಮಾಡುವುದು ಹೇಗೆ ಅಂತ ಈಗ ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ನಾವು 2024-25ರಲ್ಲಿ ಹಿಡಿದ ಸರಪಳಿಯನ್ನೇ ಇಟ್ಟುಕೊಳ್ಳೋಣ.

ಮೊದಲು ಯಾವ ಕಪ್ ಅಂತ ತೀರ್ಮಾನಿಸಿ

ಎಲ್ಲ ಕಪ್ಪೂ ಇದಕ್ಕೆ ಒಗ್ಗುವುದಿಲ್ಲ. ನಮ್ಮ ಡುರಾಂಡ್ ಕಪ್ 1888ರಲ್ಲಿ ಶಿಮ್ಲಾದಲ್ಲಿ ಶುರುವಾದದ್ದು, ಅದರ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಈಗ ಅದರಲ್ಲಿ ಮೊದಲು ಗುಂಪು ಹಂತ, ಆಮೇಲೆ ನಾಕೌಟ್. ವಿಶ್ವಕಪ್ಪೂ ಹಾಗೇ. ಗುಂಪು ಹಂತದಲ್ಲಿ ಸೋತವರೂ ಮುಂದೆ ಹೋಗಬಹುದು, ಹಾಗಾಗಿ ಸರಪಳಿಯನ್ನು ನಾಕೌಟ್ ಶುರುವಾದ ಮೇಲೆ ಹಿಡಿಯಬೇಕು. ಮೂರೇ ಸುತ್ತಿಗೆ, ಐದೇ ಸುತ್ತಿಗೆ ಮುಗಿದುಹೋಗುತ್ತದೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇಂಗ್ಲೆಂಡಿನ ಎಫ್‌ಎ ಕಪ್. 1871-72ರಲ್ಲಿ ಶುರುವಾಯಿತು, ದೇಶಮಟ್ಟದ ಫುಟ್‌ಬಾಲ್ ಕಪ್‌ಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. 700ಕ್ಕೂ ಜಾಸ್ತಿ ಕ್ಲಬ್‌ಗಳು ಸೇರುತ್ತವೆ. ಆಗಸ್ಟ್‌ನಲ್ಲಿ ಪಕ್ಕದ ಹೊಲದ ಬೇಲಿ ಕಾಣಿಸುವಂಥ ಮೈದಾನಗಳಲ್ಲಿ ಶುರುವಾಗಿ, ಮೇ ತಿಂಗಳಲ್ಲಿ ಲಂಡನ್ನಿನ ದೊಡ್ಡ ಸ್ಟೇಡಿಯಂ ವೆಂಬ್ಲಿಯಲ್ಲಿ ಮುಗಿಯುತ್ತದೆ. ಆಗಸ್ಟ್‌ನಿಂದ ಹಿಡಿದರೆ ಆರು ಅರ್ಹತಾ ಸುತ್ತು, ಎಂಟು ಮುಖ್ಯ ಸುತ್ತು, ಒಟ್ಟು 14 ಪಂದ್ಯ. ಅಷ್ಟು ಬೇಡ. ನವೆಂಬರ್‌ನ ಮೊದಲನೇ ಸುತ್ತಿನಿಂದ ಹಿಡಿಯಿರಿ. ಎಂಟೇ ಪಂದ್ಯ, ಏಳು ತಿಂಗಳು. ತಿಂಗಳಿಗೆ ಒಂದು ಪಂದ್ಯ ಅಂದರೆ ಆಫೀಸಿಗೂ ತೊಂದರೆ ಇಲ್ಲ, ಪರೀಕ್ಷೆಗೂ ತೊಂದರೆ ಇಲ್ಲ.

ಇದರಲ್ಲಿ ಒಂದು ಚೆನ್ನಾಗಿರುವ ವ್ಯವಸ್ಥೆ ಇದೆ. ದೊಡ್ಡವರು ತಡವಾಗಿ ಬರುತ್ತಾರೆ. ಅಲ್ಲಿನ ಲೀಗ್‌ಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು, ಎಲ್ಲಕ್ಕಿಂತ ಮೇಲಿನ ದರ್ಜೆ ಪ್ರೀಮಿಯರ್ ಲೀಗ್. ಮೊದಲ ಸುತ್ತಿನಲ್ಲಿ 80 ತಂಡ: ಮೂರನೇ ಮತ್ತು ನಾಲ್ಕನೇ ದರ್ಜೆಯ 48, ಕೆಳಗಿನಿಂದ ಅರ್ಹತೆ ಪಡೆದು ಬಂದ 32. ಎರಡನೇ ಸುತ್ತಿಗೆ 40. ಅದರಲ್ಲಿ ಗೆದ್ದ 20 ತಂಡಗಳ ಜೊತೆಗೆ ಜನವರಿಯಲ್ಲಿ ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ದರ್ಜೆಯ 44 ತಂಡ ಸೇರಿ 64 ಆಗುತ್ತವೆ. ಆ ಮೂರನೇ ಸುತ್ತು ಇದೆಯಲ್ಲ, ಅಲ್ಲಿ ಹಗಲು ಬೇರೆ ಕೆಲಸ ಮಾಡುವ ಆಟಗಾರ ಕೋಟ್ಯಂತರ ಸಂಬಳದವನ ಎದುರು ನಿಲ್ಲುತ್ತಾನೆ. ಅದಕ್ಕೋಸ್ಕರ ನಾನು ವರ್ಷಪೂರ್ತಿ ಕಾಯುತ್ತೇನೆ.

ಎಫ್‌ಎ ಕಪ್ ಬೇಡ ಅನ್ನುವವರಿಗೆ ಜರ್ಮನಿಯ ಕಪ್ ಇದೆ. ಅದರ ಮೊದಲ ಸುತ್ತಿನಲ್ಲಿ ಸಣ್ಣ ಕ್ಲಬ್‌ಗೇ ತವರು ಮೈದಾನ ಸಿಗುವಂತೆ ನಿಯಮ ಮಾಡಿದ್ದಾರೆ. 2025ರಲ್ಲಿ ಮೂರನೇ ದರ್ಜೆಯ ಬಿಲೆಫೆಲ್ಡ್ ಸೆಮಿಫೈನಲ್‌ನಲ್ಲಿ ಲೆವರ್‌ಕೂಸನ್ನನ್ನು ಸೋಲಿಸಿ ಫೈನಲ್‌ವರೆಗೂ ಹೋಯಿತು.

ಚಾರ್ಟ್ ಬರೆಯಿರಿ, ಫೋನಿನಲ್ಲಿ ಅಲ್ಲ

ಇದೊಂದು ಹಠ ನನ್ನದು. ಹಳೆಯ ಕ್ಯಾಲೆಂಡರ್ ಹಾಳೆ ತೆಗೆದುಕೊಳ್ಳಿ. ಹಿಂಬದಿ ಖಾಲಿ ಇರುತ್ತದಲ್ಲ, ಅಲ್ಲಿ ಎಂಟು ಉದ್ದ ಕಾಲಂ ಎಳೆಯಿರಿ. ಒಂದೊಂದು ಸುತ್ತಿಗೆ ಒಂದೊಂದು. ಪ್ರತಿ ಕಾಲಂನಲ್ಲಿ ನಿಮ್ಮ ಸರಪಳಿಯ ಪಂದ್ಯವನ್ನು ದಪ್ಪ ಸ್ಕೆಚ್ ಪೆನ್ನಲ್ಲಿ, ಕಣ್ಣಿಟ್ಟ ಬೇರೆ ಎರಡು ಮೂರು ಪಂದ್ಯಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಫ್ರಿಜ್ ಬಾಗಿಲಿಗೋ ಬೀರುವಿನ ಪಕ್ಕಕ್ಕೋ ಅಂಟಿಸಿ. ಮನೆಯವರೆಲ್ಲರ ಕಣ್ಣಿಗೆ ಬೀಳಬೇಕು. ಕಣ್ಣಿಗೆ ಬಿದ್ದರೆ ಕೇಳುತ್ತಾರೆ, ಕೇಳಿದರೆ ಒಂದು ಪಂದ್ಯಕ್ಕಾದರೂ ಜೊತೆಗೆ ಕೂರುತ್ತಾರೆ.

ಬಹಳ ಜನ ಮಾಡುವ ತಪ್ಪು ಒಂದಿದೆ. ವಿಶ್ವಕಪ್ ಚಾರ್ಟ್ ನೋಡಿ ಅಭ್ಯಾಸವಾಗಿ, ಇಲ್ಲೂ ಮೊದಲೇ ಗೆರೆ ಎಳೆದು ಯಾರು ಗೆದ್ದರೆ ಯಾರಿಗೆ ಎದುರಾಗುತ್ತಾರೆ ಅಂತ ಜೋಡಿಸಲು ಹೋಗುತ್ತಾರೆ. ಎಫ್‌ಎ ಕಪ್‌ನಲ್ಲಿ ಹಾಗೆ ಆಗುವುದಿಲ್ಲ. ಪ್ರತಿ ಸುತ್ತಿಗೂ ಹೊಸದಾಗಿ ಚೀಟಿ ಎತ್ತುತ್ತಾರೆ. ಹಾಗಾಗಿ ಮುಂದಿನ ಕಾಲಂ ಖಾಲಿಯೇ ಇರಬೇಕು.

ಪಂದ್ಯ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಲು ಸುಲಭ ದಾರಿ ಇದೆ. 64 ತಂಡ ಇದ್ದರೆ 63 ಪಂದ್ಯ. 32, 16, 8 ಅಂತ ಕೂಡುತ್ತಾ ಕೂರುವುದೇ ಬೇಡ. ಒಂದು ಪಂದ್ಯಕ್ಕೆ ಒಂದು ತಂಡ ಮನೆಗೆ ಹೋಗುತ್ತದೆ, ಕೊನೆಗೆ ಒಂದೇ ಉಳಿಯಬೇಕು, ಅಂದಮೇಲೆ 63 ತಂಡ ಮನೆಗೆ ಹೋಗಬೇಕು. ಊರಿನ ಟೂರ್ನಿ ನಡೆಸುವವರಿಗೂ ಇದು ಬೇಕಾಗುತ್ತದೆ. ಮಂಡ್ಯ ಕಡೆ ಕಬಡ್ಡಿಗೆ, ವಾಲಿಬಾಲ್‌ಗೆ 13 ತಂಡ ಬಂದರೆ 12 ಪಂದ್ಯ, 16ಕ್ಕೆ ಮೂರು ಕಡಿಮೆ ಇರುವುದರಿಂದ ಮೂರು ತಂಡಕ್ಕೆ ಬೈ, ಅಂದರೆ ಮೊದಲ ಸುತ್ತು ಆಡದೇ ಎರಡನೇ ಸುತ್ತಿಗೆ.

ತಂಡ ಹಿಡಿಯುವುದು

ಅಕ್ಟೋಬರ್‌ನಲ್ಲಿ ಮೊದಲ ಸುತ್ತಿನ ಚೀಟಿ ಎತ್ತುತ್ತಾರೆ. ಆ ಪಟ್ಟಿ ತೆರೆದು ಕೂತುಕೊಳ್ಳಿ. ಐದನೇ ದರ್ಜೆ ಅಥವಾ ಅದಕ್ಕಿಂತ ಕೆಳಗಿನ ತಂಡ, ತವರಿನಲ್ಲಿ, ತನಗಿಂತ ಎರಡು ದರ್ಜೆ ಮೇಲಿನವರ ಎದುರು ಆಡುತ್ತಿದ್ದರೆ ಅದನ್ನೇ ಹಿಡಿಯಿರಿ. ಸೋತರೂ ಪರವಾಗಿಲ್ಲ, ನಿಯಮವೇ ನಿಮ್ಮನ್ನು ಮುಂದಕ್ಕೆ ಕರೆದುಕೊಂಡು ಹೋಗುತ್ತದೆ. ಗೆದ್ದರೆ ಮಾತ್ರ ಆ ಖುಷಿಯೇ ಬೇರೆ. 1972ರಲ್ಲಿ ಮೇಲಿನ ನಾಲ್ಕು ದರ್ಜೆಗಳ ಹೊರಗಿದ್ದ ಹೆರೆಫರ್ಡ್ ತಂಡ ಮೊದಲ ದರ್ಜೆಯ ನ್ಯೂಕ್ಯಾಸಲ್ ಅನ್ನು 2-1ರಿಂದ ಸೋಲಿಸಿದ್ದನ್ನು ಅಲ್ಲಿನವರು ಈಗಲೂ ಮಾತಾಡಿಕೊಳ್ಳುತ್ತಾರೆ. 2017ರಲ್ಲಿ ಐದನೇ ದರ್ಜೆಯ ಲಿಂಕನ್ ಸಿಟಿ, ಪ್ರೀಮಿಯರ್ ಲೀಗ್‌ನ ಬರ್ನ್ಲಿಯನ್ನು ಅವರ ಮೈದಾನದಲ್ಲೇ ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿತು.

2024ರ ದೀಪಾವಳಿ ಹೊತ್ತಿಗೆ ನಾವು ಹಿಡಿದದ್ದು ಟ್ಯಾಮ್‌ವರ್ತ್. ಐದನೇ ದರ್ಜೆಯ ತಂಡ. ಎದುರಾಳಿ ಮೂರನೇ ದರ್ಜೆಯ ಹಡರ್ಸ್‌ಫೀಲ್ಡ್. ನಮ್ಮ ಹುಡುಗನಿಗೆ ಆ ತಂಡ ಇಷ್ಟವಾಗಲು ಕಾರಣ ಗೋಲ್‌ಕೀಪರ್ ಜಸ್ ಸಿಂಗ್. ಪಂಜಾಬಿ ಮೂಲದವರು, ಕಟ್ಟಡಗಳ ಸರ್ವೆ ಮಾಡುವ ಕೆಲಸದಲ್ಲಿದ್ದು ಆಟ ಆಡುವವರು. ಟ್ಯಾಮ್‌ವರ್ತ್ 1-0ರಿಂದ ಗೆದ್ದಿತು. ಎರಡನೇ ಸುತ್ತಿನಲ್ಲಿ ಬರ್ಟನ್ ಎಂಬ ಇನ್ನೊಂದು ಮೂರನೇ ದರ್ಜೆಯ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿತು. ಅಲ್ಲಿಗೆ ನಾವು ಮೂರನೇ ಸುತ್ತಿಗೆ ಬಂದೆವು, ಅದೂ ಮೊದಲು ಹಿಡಿದ ತಂಡದ ಜೊತೆಗೇ.

ಆರಂಭದ ಸುತ್ತುಗಳು ಎಲ್ಲವೂ ನಮ್ಮಲ್ಲಿ ಪ್ರಸಾರ ಆಗುವುದಿಲ್ಲ, ಇದನ್ನು ಮೊದಲೇ ತಿಳಿದಿರಿ. ಅಂಥ ದಿನ ಬರಹದ ಕಾಮೆಂಟರಿ ಇಟ್ಟುಕೊಂಡು ಕೂರಬೇಕು. ಪ್ರಸಾರದ ಹಕ್ಕು ಕೂಡ ಆಗಾಗ ಕೈ ಬದಲಾಗುತ್ತದೆ. ವರ್ಷದ ಚಂದಾ ಕಟ್ಟುವ ಮೊದಲು ಈ ಸೀಸನ್‌ಗೆ ಹಕ್ಕು ಯಾರ ಹತ್ತಿರ ಇದೆ ನೋಡಿ, ಆಮೇಲೆ ದುಡ್ಡು ಕೊಡಿ.

ಚೀಟಿ ಎತ್ತುವ ರಾತ್ರಿ

ಇದನ್ನು ತಪ್ಪಿಸಬೇಡಿ. ನಿಜ ಹೇಳಬೇಕೆಂದರೆ ಕೆಲವು ಸಲ ಪಂದ್ಯಕ್ಕಿಂತ ಇದೇ ಚೆನ್ನಾಗಿರುತ್ತದೆ.

ಮೈಸೂರಿನವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರಲ್ವಾ? ಪೈಲ್ವಾನರು ಬಂದು ನಿಲ್ಲುತ್ತಾರೆ, ಹಿರಿಯರು ತೂಕ ನೋಡಿ, ಮೈಕಟ್ಟು ನೋಡಿ, ಇವನಿಗೆ ಇವನು ಸರಿಜೋಡಿ ಅಂತ ಕೈ ಹಿಡಿಸುತ್ತಾರೆ. ಸಮಕ್ಕೆ ಸಮ. ಎಫ್‌ಎ ಕಪ್ ಇದಕ್ಕೆ ಪೂರ್ತಿ ಉಲ್ಟಾ. ತಂಡಕ್ಕೊಂದು ನಂಬರ್, ನಂಬರಿಗೊಂದು ಚೆಂಡು, ಎಲ್ಲವೂ ಒಂದೇ ಪಾತ್ರೆಯಲ್ಲಿ. ದೊಡ್ಡವರು ಬೇರೆ, ಚಿಕ್ಕವರು ಬೇರೆ ಅನ್ನುವುದಿಲ್ಲ. ಎರಡು ದೊಡ್ಡ ತಂಡಗಳು ಮೂರನೇ ಸುತ್ತಿನಲ್ಲೇ ಒಂದನ್ನೊಂದು ಹೊಡೆದು ಹಾಕಬಹುದು. ಎರಡು ಪುಟ್ಟ ತಂಡಗಳು ಸಿಕ್ಕಿದರೆ ಒಂದಕ್ಕೆ ದಾರಿ ಸಲೀಸು.

ಮೊದಲು ಬಂದ ಚೆಂಡಿನ ತಂಡಕ್ಕೆ ತವರು ಮೈದಾನ. ಇದನ್ನು ಗಮನಿಸಿ. ಸಣ್ಣ ಕ್ಲಬ್‌ಗೆ ತವರು ಸಿಕ್ಕರೆ ಗೆಲ್ಲುವ ಆಸೆ ಜಾಸ್ತಿ. ದೊಡ್ಡ ಕ್ಲಬ್‌ನ ಮೈದಾನಕ್ಕೆ ಹೋಗಬೇಕಾಗಿ ಬಂದರೆ ದುಡ್ಡು ಜಾಸ್ತಿ, ಯಾಕೆಂದರೆ ಟಿಕೆಟ್ ಹಣದಲ್ಲಿ ಇಬ್ಬರಿಗೂ ಪಾಲಿದೆ. 2005ರಲ್ಲಿ ಸಾಲದಲ್ಲಿದ್ದ ಎಕ್ಸಿಟರ್ ಸಿಟಿ, ಮ್ಯಾಂಚೆಸ್ಟರ್ ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್‌ಗೆ ಹೋಗಿ 0-0 ಮಾಡಿಕೊಂಡಿತು. ಆ ಪಂದ್ಯದಿಂದಲೂ, ಸಮ ಆದದ್ದಕ್ಕೆ ಇನ್ನೊಂದು ದಿನ ಎಕ್ಸಿಟರ್‌ನ ಮೈದಾನದಲ್ಲಿ ಆಡಿದ ಮರುಪಂದ್ಯದಿಂದಲೂ ಬಂದ ಹಣ ಕ್ಲಬ್ಬನ್ನೇ ಉಳಿಸಿತು.

ಈಗ ಆ ಮರುಪಂದ್ಯ ಇಲ್ಲ. 2024-25ರಿಂದ ಮೊದಲ ಸುತ್ತಿನಿಂದಲೇ ಅದನ್ನು ತೆಗೆದುಹಾಕಿದರು. ಸಮ ಆದರೆ ಅದೇ ದಿನ ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ. ದೊಡ್ಡ ತಂಡಗಳಿಗೆ ಪಂದ್ಯ ಜಾಸ್ತಿ ಆಗುತ್ತಿದೆ ಅನ್ನುವುದು ಕಾರಣ. ನನಗೆ ಇದು ಸರಿ ಅನ್ನಿಸುವುದಿಲ್ಲ. ಯಾಕೆ ಅಂತ ಟ್ಯಾಮ್‌ವರ್ತ್ ಕಥೆಯಲ್ಲೇ ಗೊತ್ತಾಗುತ್ತದೆ. ಮೂರನೇ ಸುತ್ತಿನಲ್ಲಿ ಅದಕ್ಕೆ ಬಿದ್ದದ್ದು ಪ್ರೀಮಿಯರ್ ಲೀಗ್‌ನ ಟಾಟನ್‌ಹ್ಯಾಮ್, ಅದೂ ಟ್ಯಾಮ್‌ವರ್ತ್‌ನ ತವರಿನಲ್ಲಿ.

ಸಮಯದ ಲೆಕ್ಕ

ಚಳಿಗಾಲದಲ್ಲಿ ಇಂಗ್ಲೆಂಡಿನ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ. ಮಾರ್ಚ್ ಕೊನೆಯ ಭಾನುವಾರದಿಂದ ನಾಲ್ಕೂವರೆ ಗಂಟೆ. ಇಷ್ಟು ಗೊತ್ತಿದ್ದರೆ ಸಾಕು. ಅಲ್ಲಿ ಮಧ್ಯಾಹ್ನ 3ಕ್ಕೆ ಅಂದರೆ ನಮಗೆ ರಾತ್ರಿ 8.30, ಊಟದ ಹೊತ್ತು. ಅಲ್ಲಿ ಸಂಜೆ 5.30 ಅಂದರೆ ನಮಗೆ 11. ಅಲ್ಲಿ ರಾತ್ರಿ 7.45 ಅಂದರೆ ನಮಗೆ ನಡುರಾತ್ರಿ 1.15, ಮತ್ತು ಇಲ್ಲೇ ಜನ ಎಡವುವುದು: ಅದು ಆಗಲೇ ಮಾರನೆಯ ದಿನ. ಶುಕ್ರವಾರದ ಪಂದ್ಯ ಅಂತ ಬರೆದಿದ್ದರೆ ನೀವು ಅಲಾರಂ ಇಡಬೇಕಾದದ್ದು ಶನಿವಾರದ ಬೆಳಗಿನ ಜಾವಕ್ಕೆ.

ಇನ್ನೊಂದು ಲೆಕ್ಕ. 90 ನಿಮಿಷದ ಪಂದ್ಯ ವಿರಾಮ ಎಲ್ಲ ಸೇರಿ ಎರಡು ಗಂಟೆ ಹತ್ತಿರ ಹತ್ತಿರ. ಹೆಚ್ಚುವರಿ ಸಮಯ 30 ನಿಮಿಷ, 15ರ ಎರಡು ಭಾಗ. ಪೆನಾಲ್ಟಿಗೆ ಹತ್ತು ಹದಿನೈದು ನಿಮಿಷ. 1.15ಕ್ಕೆ ಶುರುವಾದದ್ದು ಪೆನಾಲ್ಟಿವರೆಗೆ ಹೋದರೆ ನಿಮಗೆ ನಾಲ್ಕು ಗಂಟೆ, ಬೀದಿಯಲ್ಲಿ ಹಾಲಿನ ಗಾಡಿ ಸದ್ದು. ಹೊರಗೆ ಎಲ್ಲಾದರೂ ನೋಡುವುದಾದರೆ ಹೆಚ್ಚುವರಿ ಸಮಯ ಆದರೂ ಬಾಗಿಲು ಹಾಕುವುದಿಲ್ಲ ತಾನೇ ಅಂತ ಮೊದಲೇ ಕೇಳಿ. ನಾವು ಒಮ್ಮೆ ದೊಡ್ಡ ಪರದೆ ಇದೆ ಅಂತ ಒಂದು ಕೆಫೆಗೆ ಹೋಗಿದ್ದೆವು. 90 ನಿಮಿಷ ಮುಗಿದು 1-1 ಇದ್ದಾಗ ಕುರ್ಚಿ ಎತ್ತಿ ಮೇಜಿನ ಮೇಲಿಡಲು ಶುರುಮಾಡಿದರು. ಉಳಿದದ್ದನ್ನು ಫುಟ್‌ಪಾತ್ ಮೇಲೆ ನಿಂತು, ಒಬ್ಬನ ಫೋನಿನಲ್ಲಿ ಐದು ಜನ ನೋಡಿದೆವು. ಆವತ್ತಿನಿಂದ ನಾಕೌಟ್ ಪಂದ್ಯ ಮನೆಯಲ್ಲೇ. ಫ್ಲಾಸ್ಕ್ ತುಂಬಾ ಕಾಫಿ, ಒಂದು ಡಬ್ಬಿ ನಿಪ್ಪಟ್ಟು, ಕರೆಂಟ್ ಹೋದರೆ ಇರಲಿ ಅಂತ ಫೋನ್ ಪೂರ್ತಿ ಚಾರ್ಜ್.

ಪಂದ್ಯದ ದಿನ, ಪುಸ್ತಕ ತೊಡೆಯ ಮೇಲೆ

ಜನವರಿ 12, 2025, ಭಾನುವಾರ. ಸಂಕ್ರಾಂತಿಗೆ ಎರಡು ದಿನ. ಪಂದ್ಯ ನಮಗೆ ಸಂಜೆ 6ಕ್ಕೆ. ಅಮ್ಮ ಎಳ್ಳು ಬೆಲ್ಲಕ್ಕೆ ತಯಾರಿ ಮಾಡುತ್ತಿದ್ದರು, ಸುಮ್ನೆ ಟಿವಿ ಮುಂದೆ ಕೂರುವವರ ಕೈಗೂ ಕೆಲಸ ಬಿತ್ತು. ಹುಡುಗನಿಗೆ ಕೊಬ್ಬರಿ, ನನಗೆ ಬೆಲ್ಲ ಮತ್ತು ಅಡಕತ್ತರಿ. ಟ್ಯಾಮ್‌ವರ್ತ್‌ನ ಪುಟ್ಟ ಮೈದಾನ, ಕೃತಕ ಹುಲ್ಲು. 90 ನಿಮಿಷ ಆಯಿತು, 0-0. ಹಳೆಯ ನಿಯಮ ಇದ್ದಿದ್ದರೆ ಅಲ್ಲಿಗೆ ಮುಗಿದು, ಟ್ಯಾಮ್‌ವರ್ತ್ ತಂಡ ಮರುಪಂದ್ಯಕ್ಕೆ 60 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಟಾಟನ್‌ಹ್ಯಾಮ್ ಸ್ಟೇಡಿಯಂಗೆ ಹೋಗುತ್ತಿತ್ತು. ಆ ಟಿಕೆಟ್ ಹಣದ ಪಾಲು ಅಂಥ ಕ್ಲಬ್‌ಗೆ ಎಷ್ಟು ದೊಡ್ಡದು ಯೋಚಿಸಿ. ಅದರ ಬದಲು ಆವತ್ತೇ ಇನ್ನೂ 30 ನಿಮಿಷ. 101ನೇ ನಿಮಿಷದಲ್ಲಿ ಚೆಂಡು ಟ್ಯಾಮ್‌ವರ್ತ್ ಆಟಗಾರನಿಗೇ ತಗುಲಿ ಅವರ ಗೋಲಿಗೇ ಹೋಯಿತು. ನನ್ನ ಅಡಕತ್ತರಿ ನಿಂತೇಬಿಟ್ಟಿತು. ಆಮೇಲೆ ಬೆಂಚಿನಿಂದ ಬಂದ ಕುಲುಸೆವ್‌ಸ್ಕಿ ಒಂದು, ಕೊನೆಯಲ್ಲಿ ಬ್ರೆನನ್ ಜಾನ್ಸನ್ ಒಂದು. 3-0.

ಪಂದ್ಯ ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಾಕೌಟ್‌ನಲ್ಲಿ ನೋಡಬೇಕಾದದ್ದು ಲೀಗ್‌ನಲ್ಲಿ ನೋಡುವುದಕ್ಕಿಂತ ಬೇರೆ. ಸಮ ಮಾಡಿಕೊಂಡು ಒಂದು ಪಾಯಿಂಟ್ ಒಯ್ಯುವ ಹಾಗಿಲ್ಲ. ಹಾಗಾಗಿ 70ನೇ ನಿಮಿಷದ ನಂತರ ಯಾರು ಯಾರನ್ನು ಬದಲಿಸುತ್ತಾರೆ ಬರೆದುಕೊಳ್ಳಿ. ದೊಡ್ಡ ತಂಡದ ಬೆಂಚಿನಲ್ಲಿ ಆರಾಮಾಗಿ ಕೂತವರು ಹೆಚ್ಚುವರಿ ಸಮಯದಲ್ಲಿ ದಣಿದ ಕಾಲುಗಳ ಎದುರು ಬಂದಾಗ ಏನಾಗುತ್ತದೆ ಅಂತ ಟ್ಯಾಮ್‌ವರ್ತ್‌ನಲ್ಲಿ ನೋಡಿದೆವಲ್ಲ. ಮೊದಲ ಸುತ್ತುಗಳಲ್ಲಿ ವಿಎಆರ್, ಅಂದರೆ ವಿಡಿಯೋ ನೋಡಿ ರೆಫರಿಯ ತೀರ್ಪು ತಿದ್ದುವ ವ್ಯವಸ್ಥೆ, ಇರುವುದಿಲ್ಲ ಅನ್ನುವುದೂ ನೆನಪಿರಲಿ. 2024-25ರಲ್ಲಿ ಐದನೇ ಸುತ್ತಿನಿಂದ ಮಾತ್ರ ಇತ್ತು. ಗೋಲಾದರೆ ಗೋಲು, ಆಗಲೇ ಕುಣಿಯಬಹುದು.

ಪೆನಾಲ್ಟಿಗೆ ಬಂದರೆ ನೋಟ್‌ಬುಕ್‌ನಲ್ಲಿ ಎರಡು ಸಾಲು, ಐದೈದು ಮನೆ. ಗೋಲಿಗೆ ತುಂಬಿದ ಚುಕ್ಕಿ, ತಪ್ಪಿದರೆ ಗುಣಾಕಾರದ ಗುರುತು. ಐದೂ ಹೊಡೆಯಲೇಬೇಕು ಅಂತಿಲ್ಲ. ಉಳಿದ ಒದೆತಗಳಲ್ಲಿ ಹಿಡಿಯಲಾಗದಷ್ಟು ಅಂತರ ಆದರೆ ಅಲ್ಲಿಗೇ ಮುಗಿಯಿತು. ತಲಾ ಮೂರು ಆಗಿ 3-0 ಇದ್ದರೆ ಆಟ ಖಲಾಸ್, ಯಾಕೆಂದರೆ ಹಿಂದಿರುವವರಿಗೆ ಉಳಿದಿರುವುದು ಎರಡೇ. 3-1 ಇದ್ದರೆ ಇನ್ನೂ ಜೀವ ಇದೆ. ಐದೂ ಮುಗಿದು ಸಮ ಆದರೆ ಒಂದಕ್ಕೊಂದು ಜೋಡಿ: ಒಬ್ಬರು ಹೊಡೆದು ಇನ್ನೊಬ್ಬರು ತಪ್ಪಿದರೆ ಮುಗಿಯಿತು. ಕೆಂಪು ಕಾರ್ಡ್‌ನಿಂದ ಒಂದು ತಂಡದಲ್ಲಿ ಹತ್ತೇ ಜನ ಇದ್ದರೆ ಎದುರಿನವರೂ ಹತ್ತೇ ಜನರ ಪಟ್ಟಿ ಕೊಡಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲ.

ಸೋತ ರಾತ್ರಿ ಏನು ಮಾಡಬೇಕು

ಇದೇ ಕಷ್ಟದ ಹೆಜ್ಜೆ. ಟ್ಯಾಮ್‌ವರ್ತ್ ಸೋತ ಸಂಜೆ ಹುಡುಗ ಚಾರ್ಟ್ ಹತ್ತಿರ ಹೋಗಲಿಲ್ಲ. "ಮಾಮ, ಟಾಟನ್‌ಹ್ಯಾಮ್‌ಗೆ ನಾನು ಸಪೋರ್ಟ್ ಮಾಡಲ್ಲ, ಅವರೇ ತಾನೇ ಇವರನ್ನ ಹೊರಗೆ ಹಾಕಿದ್ದು" ಅಂದ. ಸರಿಯಾದ ಮಾತೇ. ಅದಕ್ಕೆ ನಾನು ಹೇಳಿದ್ದು ಇಷ್ಟು: ಅವರು ಗೆಲ್ಲಲಿ ಅಂತ ನೀನು ಬಯಸಬೇಕಾಗಿಲ್ಲ, ಅವರ ಪಂದ್ಯ ನೋಡಿದರೆ ಸಾಕು. ಒಂದು ದಿನ ಬಿಟ್ಟು, ಶಾಲೆಯಿಂದ ಬಂದವನೇ ನಾಲ್ಕನೇ ಕಾಲಂನಲ್ಲಿ ತಾನೇ ಬರೆದ. ನೀವೂ ಒಂದು ದಿನ ಬಿಡಿ. ಬಲವಂತ ಮಾಡಿಕೊಳ್ಳಬೇಡಿ.

ಇಲ್ಲಿಂದ ಮುಂದೆ ಬೇಗ ಬೇಗ ಸಾಗುತ್ತದೆ. ಫೆಬ್ರವರಿ 9ಕ್ಕೆ ಟಾಟನ್‌ಹ್ಯಾಮ್ ತಂಡ ಆಸ್ಟನ್ ವಿಲ್ಲಾ ಎದುರು 2-1ರಿಂದ ಸೋತಿತು. ಮೊದಲ ನಿಮಿಷದಲ್ಲೇ ಗೋಲು. ಹುಡುಗನಿಗೆ ಸಮಾಧಾನ ಆಯಿತು, ಟ್ಯಾಮ್‌ವರ್ತ್ ಪರವಾಗಿ ವಿಲ್ಲಾದವರೇ ತೀರಿಸಿದರು ಅನ್ನುವ ಹಾಗೆ. ಐದನೇ ಸುತ್ತಿನಲ್ಲಿ ವಿಲ್ಲಾ, ಕಾರ್ಡಿಫ್ ಎದುರು 2-0; ಆ ಪಂದ್ಯ ನಮಗೆ ರಾತ್ರಿ 1.30ಕ್ಕೆ, ಶಿವರಾತ್ರಿ ಜಾಗರಣೆ ಮುಗಿದು ಎರಡೇ ದಿನಕ್ಕೆ ಇನ್ನೊಂದು ಜಾಗರಣೆ. ಕ್ವಾರ್ಟರ್‌ಫೈನಲ್ ಮಾರ್ಚ್ 30ಕ್ಕೆ, ಯುಗಾದಿ ದಿನ, ಪ್ರೆಸ್ಟನ್ ಎದುರು 3-0. ಅವತ್ತೇ ಇಂಗ್ಲೆಂಡಿನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋದ ದಿನ. ನಾನು ಹಳೆಯ ಲೆಕ್ಕದಲ್ಲಿ 7ಕ್ಕೆ ಅಂತ ಒಬ್ಬಟ್ಟು ತಿಂದು ಆರಾಮಾಗಿ ಮಲಗಿದ್ದೆ. 6ಕ್ಕೇ ಶುರುವಾಗಿಬಿಟ್ಟಿತ್ತು. ಅದಕ್ಕೇ ಆ ಮಾರ್ಚ್ ಕೊನೆಯ ಭಾನುವಾರವನ್ನು ಚಾರ್ಟ್ ಮೇಲೆ ಕೆಂಪು ಇಂಕಿನಲ್ಲಿ ಬರೆದಿಡಿ ಅನ್ನುವುದು. ಸೆಮಿಫೈನಲ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್, ವಿಲ್ಲಾವನ್ನು 3-0ರಿಂದ ಹೊರಗೆ ಹಾಕಿತು. ಸರಪಳಿ ಪ್ಯಾಲೆಸ್ ಕೈಗೆ ಬಂತು.

ಒಮ್ಮೆಯಾದರೂ ಸ್ಟೇಡಿಯಂಗೆ ಹೋಗಿ

ಟಿವಿಯಲ್ಲಿ ಎಷ್ಟು ನೋಡಿದರೂ ನಾಕೌಟ್ ಪಂದ್ಯದ ಬಿಸಿ ಮೈದಾನದಲ್ಲೇ ತಟ್ಟಬೇಕು. ನಮಗೆ ಹತ್ತಿರ ಬೆಂಗಳೂರಿನ ಕಂಠೀರವ. 2023ರಲ್ಲಿ ಅಲ್ಲೇ ಕೇರಳ ಬ್ಲಾಸ್ಟರ್ಸ್ ಎದುರಿನ ನಾಕೌಟ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀಕಿಕ್ ಥಟ್ಟನೆ ಹೊಡೆದು ಗೋಲು ಮಾಡಿದ್ದು, ಎದುರಿನ ತಂಡ ಮೈದಾನ ಬಿಟ್ಟು ಹೋದದ್ದು. 2025ರ ಮಾರ್ಚ್‌ನಲ್ಲಿ ಅಲ್ಲೇ ಬೆಂಗಳೂರು ಎಫ್‌ಸಿ, ಮುಂಬೈಯನ್ನು 5-0ರಿಂದ ಹೊಡೆಯಿತು. ಮೈಸೂರು, ಮಂಡ್ಯದಿಂದ ಮಧ್ಯಾಹ್ನದ ರೈಲಿಗೆ ಹೋಗಿ, ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಕಬ್ಬನ್ ಪಾರ್ಕ್‌ಗೆ ಇಳಿದು ನಡೆಯಿರಿ. ಮರಳಲು ರೈಲು ನಂಬಬೇಡಿ, ಪೆನಾಲ್ಟಿಗೆ ಹೋದರೆ ಸಿಗುವುದಿಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋದರೆ ರಾತ್ರಿಯಿಡೀ ನಮ್ಮ ಕಡೆಗೆ ಬಸ್ ಇರುತ್ತದೆ.

ಸಂತೋಷ್ ಟ್ರೋಫಿಯ ಕೊನೆಯ ಸುತ್ತುಗಳನ್ನೂ ನಿಮ್ಮ ಚಾರ್ಟ್ ಪಕ್ಕದಲ್ಲಿ ಒಂದು ಮೂಲೆಯಲ್ಲಿ ಬರೆಯಿರಿ. ರಾಜ್ಯಗಳ ತಂಡಗಳು ಆಡುವ ಕಪ್ ಅದು. ಅದರ ಹಳೆಯ ವಿಜೇತರ ಪಟ್ಟಿಯಲ್ಲಿ ನಾಲ್ಕು ಸಲ ಮೈಸೂರು ಅಂತ ಇದೆ, ರಾಜ್ಯದ ಹೆಸರು ಆಗ ಅದೇ. ಕೊನೆಯದು 1968-69. ಆಮೇಲೆ 54 ವರ್ಷ ಖಾಲಿ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಗೆದ್ದಿತು. ನಮ್ಮ ಬೀದಿಯಲ್ಲಿ ಆವತ್ತು ಇದನ್ನು ನೋಡಿದವರು ನಾವಿಬ್ಬರೇ. ಅದು ಇವತ್ತಿಗೂ ನನಗೆ ಹೊಟ್ಟೆ ಉರಿಸುತ್ತದೆ.

ಫೈನಲ್

ಫೈನಲ್‌ಗೆ ಜನ ಸೇರಿಸಿ. ಏಳು ತಿಂಗಳು ಇಬ್ಬರೇ ನೋಡಿದ್ದರೂ ಅವತ್ತು ಮನೆ ತುಂಬಬೇಕು. 2025ರ ಫೈನಲ್ ಮೇ 17, ಶನಿವಾರ, ನಮಗೆ ರಾತ್ರಿ 9ಕ್ಕೆ. ನಾವು ಮಂಡ್ಯದಲ್ಲಿ ಮಾವನ ಮನೆಗೆ ಹೋಗಿದ್ದೆವು, ಚಾರ್ಟ್ ಸುರುಳಿ ಸುತ್ತಿ ಬಸ್ಸಿನಲ್ಲಿ ಒಯ್ದು ಅವರ ಗೋಡೆಗೆ ಅಂಟಿಸಿದೆವು. ಮುದ್ದೆ, ಬಸ್ಸಾರು ಉಂಡು ಎಲ್ಲರೂ ಚಾಪೆ ಮೇಲೆ. ಮಾವ ಕನ್ನಡಕ ಹಾಕಿಕೊಂಡು ಚಾರ್ಟ್ ಓದಿದರು. "ಈ ಟ್ಯಾಮ್‌ವರ್ತ್ ಯಾವೂರ್ಲಾ? ಇವ್ರು ಆವತ್ತೇ ಸೋತವ್ರೆ, ಇನ್ನೂ ದಪ್ಪಗ್ ಬರ್ದಿದ್ದೀಯಲ್ಲ" ಅಂದರು. ಹುಡುಗ ಮೊದಲ ಕಾಲಂನಿಂದ ಬೆರಳಿಟ್ಟು ಒಂದೊಂದೇ ಹೇಳುತ್ತಾ ಬಂದ. ಗೋಲ್‌ಕೀಪರ್ ಕೆಲಸದ ಬಗ್ಗೆ, 0-0 ಬಗ್ಗೆ, ಯುಗಾದಿ ದಿನ ನಾನು ನಿದ್ದೆ ಹೋದ ಬಗ್ಗೆ. ಅವನು ಮುಗಿಸುವಷ್ಟರಲ್ಲಿ ಮನೆಯಲ್ಲಿದ್ದ ಎಲ್ಲರೂ ಪ್ಯಾಲೆಸ್ ಕಡೆ.

ಎದುರಿಗೆ ಮ್ಯಾಂಚೆಸ್ಟರ್ ಸಿಟಿ. 16ನೇ ನಿಮಿಷದಲ್ಲಿ ಎಜೆ ಗೋಲು ಹೊಡೆದ. ಸಿಟಿಗೆ ಪೆನಾಲ್ಟಿ ಸಿಕ್ಕಿತು, ಗೋಲ್‌ಕೀಪರ್ ಹೆಂಡರ್ಸನ್ ತಡೆದ. ಮಾವ ಎದ್ದು ನಿಂತುಬಿಟ್ಟಿದ್ದರು, ಕೊನೆಯವರೆಗೂ ಕೂರಲಿಲ್ಲ. 1-0. ಪ್ಯಾಲೆಸ್ ದೊಡ್ಡ ಕಪ್ ಗೆದ್ದದ್ದು ಅದೇ ಮೊದಲು.

ಪಂದ್ಯ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನು ಅವತ್ತೇ ಮಾಡಿ. ಚಾರ್ಟ್‌ನ ಕೆಳಗೆ ಒಂದೇ ಸಾಲಿನಲ್ಲಿ ನಿಮ್ಮ ಸರಪಳಿಯನ್ನು ಬರೆಯಿರಿ. ನಮ್ಮದರಲ್ಲಿ ಹೀಗಿದೆ: ಟ್ಯಾಮ್‌ವರ್ತ್, ಟಾಟನ್‌ಹ್ಯಾಮ್, ವಿಲ್ಲಾ, ಪ್ಯಾಲೆಸ್. ತಾರೀಖು ಹಾಕಿ, ಜೊತೆಗೆ ನೋಡಿದವರೆಲ್ಲರ ಸಹಿ ಹಾಕಿಸಿ. ಆ ಹಾಳೆ ಈಗಲೂ ಮಾವನ ಮನೆಯ ಗೋಡೆಯ ಮೇಲಿದೆ, ತೆಗೆಯಲು ಅವರು ಬಿಟ್ಟಿಲ್ಲ. ಹೊಸ ಚಾರ್ಟ್‌ಗೆ ಅವರೇ ಹಳೆಯ ಕ್ಯಾಲೆಂಡರ್ ಎತ್ತಿಟ್ಟಿದ್ದಾರೆ.